ಅತ್ತೆಯ ಮುದ್ದೆ, ನನ್ನ ಎದೆಬಡಿತ

ಮುದ್ದೆ ಅಗಿಯುವವರನ್ನು ಕಂಡರೆ ನಮ್ಮ ಕಡೆ ನಗುತ್ತಾರೆ. ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿಕೊಂಡು ಗುಳುಕ್ಕನೆ ನುಂಗಬೇಕು. ಹಲ್ಲಿಗೆ ತಾಗಿಸಿದರೆ ಬಾಯೆಲ್ಲ ಮೆತ್ತಿಕೊಂಡು ಸತಾಯಿಸುತ್ತದೆ. ಪಿರಿಯಾಪಟ್ಟಣದಲ್ಲಿ ಹುಟ್ಟಿ ಬೆಳೆದ ನನಗೆ ನುಂಗುವುದನ್ನು ಯಾರೂ ಕಲಿಸಿಕೊಟ್ಟ ನೆನಪಿಲ್ಲ, ಅದು ಉಸಿರಾಡಿದ ಹಾಗೆ ತಾನೇ ಬಂದ ವಿದ್ಯೆ. ಹೊಲದಿಂದ ಹಸಿದು ಬಂದವರ ಜೊತೆ ಪಂಕ್ತಿಯಲ್ಲಿ ಕೂತರೂ ಅವರಿಗಿಂತ ಮೊದಲು ನನ್ನ ತಟ್ಟೆ ಖಾಲಿಯಾಗುತ್ತಿತ್ತು. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು. ಐವತ್ತು ದಾಟಿದ ಮೇಲೆ ಆ ವಿದ್ಯೆಯೇ ನನ್ನ ಮೇಲೆ ತಿರುಗಿ ಬೀಳುತ್ತದೆಂದು ನಾನು ಎಣಿಸಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಹೊಗೆಸೊಪ್ಪು, ಶುಂಠಿ ಬೆಳೆಯುವವರು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳನ್ನು ತಂದು ಹಾಕುತ್ತಾರೆ, ನಾನು ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಹೆಂಡತಿ ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಟೀಚರು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಮಗಳು ಮದುವೆಯಾಗಿ ಕೆ.ಆರ್. ನಗರಕ್ಕೆ ಹೋಗಿದ್ದಾಳೆ. ಹೀಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿ ಉಳಿಯುವುದು ನಾನು ಮತ್ತು ನನ್ನ ಅತ್ತೆ, ಇಬ್ಬರೇ.

ಅತ್ತೆಯ ಊರು ಎಚ್.ಡಿ. ಕೋಟೆಯ ಆಚೆ ಅಂತರಸಂತೆ. ಮಾವ ತೀರಿಕೊಂಡ ಮೇಲೆ ಒಬ್ಬಳೇ ಮಗಳ ಮನೆಗೆ, ಅಂದರೆ ನಮ್ಮ ಮನೆಗೆ ಬಂದರು. ಸಂತೋಷದಿಂದ ಬಂದವರಲ್ಲ. "ಅಳಿಯನ್ ಮನೆ ಅನ್ನ ತಿನ್ನೋ ಕಾಲ ಬಂತಲ್ಲವ್ವ" ಎಂದು ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದವರು. ಕೂತು ಉಂಡರೆ ಮಾತು ಬರುತ್ತದೆ ಎಂದೇನೋ, ಬಂದ ಮಾರನೆಯ ದಿನದಿಂದಲೇ ಅಡುಗೆಮನೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ಕೈಯ ಮುದ್ದೆ ತಿಂದ ಮೇಲೆ ನನ್ನ ಹೆಂಡತಿ ಅಷ್ಟು ವರ್ಷ ಮಾಡಿ ಹಾಕುತ್ತಿದ್ದುದು ಏನು ಎಂದು ನನಗೆ ಅನುಮಾನ ಬಂದಿತ್ತು. ಬಾಯಿಬಿಟ್ಟು ಹೇಳುವಷ್ಟು ದಡ್ಡ ನಾನಲ್ಲ.

ಅವರ ಕಾಲದ ಹೆಂಗಸರು ಅಳಿಯನ ಮುಂದೆ ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ನಮ್ಮದು ಹೊರಗಿನ ಸಂಬಂಧ ಬೇರೆ, ಸೋದರಿಕೆಯ ಸಲಿಗೆಯೂ ಇಲ್ಲ. ಮದುವೆಯಾದಾಗಿನಿಂದ ಅವರು ನನ್ನನ್ನು ನೇರವಾಗಿ ಮಾತಾಡಿಸಿದ್ದೇ ಇಲ್ಲ. ಹೆಂಡತಿ ಇದ್ದರೆ ಅವಳ ಮೂಲಕ: "ಅವ್ರಿಗೆ ಸಾರು ಬೇಕಾ ಕೇಳವ್ವ." ಮಧ್ಯಾಹ್ನ ಅವಳಿರುವುದಿಲ್ಲವಲ್ಲ, ಆಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುತ್ತಿದ್ದರು. ಇಲ್ಲದಿದ್ದರೆ ಹೊಸ್ತಿಲಲ್ಲಿ ಕೂತ ಬೆಕ್ಕಿಗೆ.

"ಸಾರು ಆರೋಯ್ತದೆ. ಕೈ ತೊಳ್ಕಂಡಿದ್ರೆ ಬಡಿಸ್ಬೋದಿತ್ತು."

ನಾನೂ ಅದೇ ಬೆಕ್ಕಿಗೇ ಉತ್ತರ ಕೊಡುತ್ತಿದ್ದೆ. "ಇನ್ನರ್ಧ ಮುದ್ದೆ ಇದ್ರೆ ಚೆನ್ನಾಗಿರೋದು." ಬಾಗಿಲ ಮರೆಯಿಂದ ಕೈಯೊಂದು ಬಂದು ಅರ್ಧವಲ್ಲ, ಇಡೀ ಮುದ್ದೆಯನ್ನೇ ತಟ್ಟೆಗೆ ಹಾಕಿ ಹೋಗುತ್ತಿತ್ತು. ಬೆಕ್ಕು ಇಬ್ಬರ ಕಡೆಗೂ ನೋಡಿ ಎದ್ದು ಹೋಗುತ್ತಿತ್ತು. ಈ ವ್ಯವಸ್ಥೆಯಲ್ಲಿ ನಾವಿಬ್ಬರೂ ಸುಖವಾಗಿಯೇ ಇದ್ದೆವು.

ಅವತ್ತು ಅವರೆಕಾಳಿನ ಸಾರು. ಮುದ್ದೆಯಿಂದ ಹಬೆ ಏಳುತ್ತಿತ್ತು, ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದರು, ನಾನು ಅವಸರದಲ್ಲಿದ್ದೆ. ದೊಡ್ಡದೊಂದು ತುತ್ತು ಮುರಿದು ನುಂಗಿದೆ. ಅದು ಎದೆಯ ನಡುವೆ ಇಳಿಯುತ್ತಿದ್ದ ಹಾಗೆ ಒಳಗೇನೋ ಮಗುಚಿಕೊಂಡಿತು. ಒಂದು ಬಡಿತ ತಪ್ಪಿತು, ಆಮೇಲೆ ಒಂದರ ಮೇಲೊಂದು ಬಿದ್ದು ಓಡತೊಡಗಿತು. ಮೂರು ಫೇಸ್ ಕರೆಂಟಿನಲ್ಲಿ ಒಂದು ಹೋದರೆ ಮೋಟರು ತಿರುಗಲೂ ಆಗದೆ ನಿಲ್ಲಲೂ ಆಗದೆ ಗುಂಯ್‌ಗುಟ್ಟಿ ನಡುಗುತ್ತದಲ್ಲ, ಹಾಗೆ. ಕೈಯನ್ನು ತಟ್ಟೆಯಲ್ಲೇ ಬಿಟ್ಟು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹದಕ್ಕೆ ಬಂತು. ಭ್ರಮೆ ಇರಬೇಕೆಂದು ಇನ್ನೊಂದು ತುತ್ತು ನುಂಗಿದೆ. ಮತ್ತೆ ಅದೇ ಓಟ.

"ಕಾಳು ಬೆಂದಿಲ್ವೇನೋ" ಎಂದಿತು ಬಾಗಿಲ ಮರೆಯ ದನಿ.

"ಬೆಂದವೆ, ಬೆಂದವೆ" ಎಂದೆ. ಉಳಿದ ಮುದ್ದೆಯನ್ನು ಹೇಗೋ ಸಣ್ಣಸಣ್ಣದಾಗಿ ಮುಗಿಸಿ ಎದ್ದೆ.

ಅಲ್ಲೇ ಅವರಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವ ಹಾಗಿರಲಿಲ್ಲ. ನನ್ನ ಮಾವ ತೀರಿಕೊಂಡದ್ದು ತಟ್ಟೆಯ ಮುಂದೆ. ಹೊಲದಿಂದ ಬಂದು, ಕೈಕಾಲು ತೊಳೆದು, ಅತ್ತೆ ಬಡಿಸಿದ ಮುದ್ದೆ ಮುರಿದು ತಿನ್ನುತ್ತಲೇ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಎದೆನೋವು ಇರಬೇಕೆಂದು ಆಮೇಲೆ ನೋಡಿದ ಡಾಕ್ಟರು ಅಂದರು. ಆದರೆ ಸಾವಿನ ಮನೆಗೆ ಬಂದ ನೆಂಟರಲ್ಲಿ ಯಾರೋ ಒಬ್ಬರು, ತುತ್ತು ಎದೆಗೆ ಸಿಕ್ಕಿಹಾಕಿಕೊಂಡಿರಬೇಕು ಎಂದು ಆಡಿದ್ದರು. ಅತ್ತೆ ಅಲ್ಲೇ ಕೂತಿದ್ದರು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಅಂಥವರ ಮುಂದೆ, ಅವರೇ ಬಡಿಸಿದ ತಟ್ಟೆಯ ಮುಂದೆ ಕೂತು, ನಾನು ಎದೆ ಹಿಡಿದುಕೊಳ್ಳುವುದು ಹೇಗೆ? ಹೆಂಡತಿಗೆ ಹೇಳಿದರೂ ಸಂಜೆಯೊಳಗೆ ಅವರಿಗೆ ತಿಳಿಯುತ್ತದೆ. ಬಾಯಿ ಮುಚ್ಚಿಕೊಂಡೆ.

ಎದೆ ಮಾತ್ರ ಮುಚ್ಚಿಕೊಂಡಿರಲಿಲ್ಲ. ಬಿಸಿ ಟೀ ಗುಟುಕರಿಸಿದರೆ ಒಮ್ಮೊಮ್ಮೆ, ಮದುವೆ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡರೆ ಒಮ್ಮೊಮ್ಮೆ, ಮುದ್ದೆ ನುಂಗಿದರಂತೂ ಹೆಚ್ಚುಕಡಿಮೆ ದಿನವೂ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬಾಯಾರಿ ತಣ್ಣನೆಯ ನಿಂಬೆ ಸೋಡಾ ತರಿಸಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡೆ. ಎದೆಯೊಳಗೆ ಯಾರೋ ಮೀನು ಬಿಟ್ಟ ಹಾಗಾಯಿತು. ಬೆಂಚಿನ ಮೇಲೆ ಕೂತು ಮಣಿಕಟ್ಟು ಹಿಡಿದುಕೊಂಡೆ. ಪಕ್ಕದ ಅಂಗಡಿಯಲ್ಲಿ ಆಟೋ, ಟ್ರ್ಯಾಕ್ಟರುಗಳ ಸೀಟು ಹೊಲಿಯುವ ಸಾಬರವನು ನನ್ನ ಬಾಲ್ಯದ ಗೆಳೆಯ. ಕೈಯಲ್ಲಿದ್ದ ರೆಕ್ಸಿನ್ ಬಿಟ್ಟು ಎದ್ದು ಬಂದ.

"ಏನ್ಲಾ ಆಯ್ತು? ಮುಖ ಯಾಕ್ಲಾ ಇಂಗೆ ಬೆವ್ತದೆ?"

"ಏನಿಲ್ಲ ಬುಡ್ಲಾ. ಗ್ಯಾಸು."

"ಗ್ಯಾಸಿಗೆ ಯಾವನಾದ್ರೂ ನಾಡಿ ಹಿಡ್ಕಂಡು ಕೂತ್ಕತಾನ? ಯಾರಿಗ್ ಯೋಳ್ತಿದೀಯ ನೀನು? ನಡಿ, ಡಾಕ್ಟ್ರತ್ರ ಓಗಣ."

"ನಾಳೆ ಓಗಣ" ಎಂದೆ. ಮಾರನೆಯ ದಿನವೂ ಅದೇ ಮಾತು ಹೇಳಿದೆ. ಹೆದರಿಕೆ ಎಂದರೆ ಹೆದರಿಕೆ, ಅದರಲ್ಲಿ ಮುಚ್ಚುಮರೆ ಏನು? ಡಾಕ್ಟರು ಏನನ್ನೋ ಹೇಳಿಬಿಟ್ಟರೆ ಅದು ಇದೆ ಎಂದಾಗುತ್ತದೆ. ಹೇಳುವವರೆಗೆ ಗ್ಯಾಸು.

ನುಂಗಲು ಹೆದರಿ ಊಟ ಕಡಿಮೆ ಮಾಡಿದೆ. ಅರ್ಧ ಮುದ್ದೆ, ಒಂದೊಂದು ದಿನ ಅದೂ ಇಲ್ಲ. "ಅಂಗಡಿ ಹತ್ರ ಏನೋ ತಿಂದೆ" ಎಂದು ಬೆಕ್ಕಿಗೆ ಹೇಳಿ ಬರೀ ಅನ್ನ ಮಜ್ಜಿಗೆ ಉಂಡು ಏಳುತ್ತಿದ್ದೆ. ಬಾಗಿಲ ಮರೆಯಲ್ಲಿ ಒಂದು ಜೀವ ನನ್ನ ತಟ್ಟೆಯನ್ನೇ ನೋಡುತ್ತಿದೆ ಎಂಬುದನ್ನು ನಾನು ಯೋಚಿಸಲಿಲ್ಲ. ಅತ್ತೆ ಒಂದು ದಿನ ಉಪ್ಪುಸಾರು ಮಾಡಿದರು, ಒಂದು ದಿನ ಬಸ್ಸಾರು, ಒಂದು ದಿನ ಹುರುಳಿ ಸಾರು. ರಾಗಿಯನ್ನು ಬೇರೆ ಮಿಲ್ಲಿಗೆ ಕಳಿಸಿ ಇನ್ನೂ ನುಣ್ಣಗೆ ಬೀಸಿಸಿಕೊಂಡು ಬಂದರು. ಮುದ್ದೆ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ನಾನು ಅದರಲ್ಲಿ ಅರ್ಧ ಬಿಟ್ಟು ಕೈ ತೊಳೆದೆ.

"ವಯಸ್ಸಾಯ್ತಲ್ಲ, ಕೈ ಹದ ತಪ್ತದೆ" ಎಂದರು ಗೋಡೆಗೆ. ಆ ದನಿ ಕೇಳಿ ನನಗೆ ಎದೆಬಡಿತಕ್ಕಿಂತ ಹೆಚ್ಚು ಸಂಕಟವಾಯಿತು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಬಂದುಬಿಟ್ಟೆ.

ಆ ಸಂಜೆ ಹೆಂಡತಿ ಬ್ಯಾಗು ಕೆಳಗಿಡುವ ಮೊದಲೇ ಶುರು ಮಾಡಿದಳು. "ಅವ್ವ ಊರಿಗೋಗ್ತೀನಿ ಅಂತ ಕೂತವ್ಳೆ. ಏನ್ರೀ ನಿಮ್ದು? ನಮ್ಮವ್ವನ ಕೈ ಊಟ ಸೇರಲ್ಲ ಅಂದ್ರೆ ನನಗೆ ಯೋಳಿ. ತಟ್ಟೇಲಿ ಬುಟ್ಟು ಎದ್ದೋದ್ರೆ ಏನರ್ಥ ಅದು?"

"ಸೇರದೆ ಏನು? ಹಸಿವಿಲ್ಲ ಅಷ್ಟೆ."

"ಇಪ್ಪತ್ತೈದು ವರ್ಷದಿಂದ ಹಸಿವಿಲ್ಲ ಅಂತ ಒಂದಿನ ಅಂದೋರಲ್ಲ ನೀವು."

ನಿಜವೇ. ಮಾರನೆಯ ದಿನ ಗೆಳೆಯನ ಸ್ಕೂಟರಿನ ಹಿಂದೆ ಕೂತು ಹುಣಸೂರಿಗೆ ಹೋದೆ.

ಅಲ್ಲಿ ಹೃದಯ ನೋಡುವ ಡಾಕ್ಟರಮ್ಮ ಒಬ್ಬರು ಮೈಸೂರಿನಿಂದ ಬಂದು ಕೂರುತ್ತಾರೆ. ಎದೆಗೆ ವೈರು ಅಂಟಿಸಿ ಇ.ಸಿ.ಜಿ. ತೆಗೆದರು, ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಮಲಗಿದ್ದಷ್ಟು ಹೊತ್ತೂ ನನ್ನ ಹೃದಯ ಇನ್‌ಸ್ಪೆಕ್ಟರು ಬಂದಾಗಿನ ಶಾಲೆಯಂತೆ ಶಿಸ್ತಾಗಿತ್ತು. "ಇದ್ರಲ್ಲಿ ಏನೂ ಕಾಣ್ತಿಲ್ಲವಲ್ಲ" ಎಂದರು.

"ಅಂಗಡೀಲಿ ಚೆನ್ನಾಗೇ ಓಡೋ ಮೋಟರು ಬಾವಿಗಿಳಿಸಿದ್ ಮೇಲೆ ಕೈ ಕೊಡ್ತದೆ ಮೇಡಂ. ಲೋಡ್ ಮೇಲೆ ನೋಡ್ಬೇಕು" ಎಂದೆ.

ಅವರು ನಕ್ಕರು. "ಸರಿ, ಲೋಡ್ ಮೇಲೇ ನೋಡೋಣ." ಸೊಂಟಕ್ಕೆ ಕಟ್ಟುವ ಒಂದು ಸಣ್ಣ ಪೆಟ್ಟಿಗೆ ಕೊಟ್ಟರು. ಅದರ ವೈರುಗಳು ಎದೆಗೆ ಅಂಟಿಕೊಂಡಿರುತ್ತವೆ, ಒಂದು ಹಗಲು ಒಂದು ರಾತ್ರಿ ಕಟ್ಟಿಕೊಂಡಿರಬೇಕು, ಎದೆ ಓಡಿದಾಗ ಅದರ ಗುಂಡಿ ಒತ್ತಬೇಕು. "ದಿನಾ ಏನು ಹೇಗೆ ತಿಂತೀರೋ ಹಾಗೇ ತಿನ್ನಿ. ಹೆದರಿ ಉಪವಾಸ ಕೂತ್ರೆ ಇದಕ್ಕೆ ಏನೂ ಸಿಗೋದಿಲ್ಲ."

ದಾರಿಯಲ್ಲಿ ನನಗೊಂದು ಒಳ್ಳೆಯ ಉಪಾಯ ಹೊಳೆಯಿತು. ಮರುದಿನ ಮಧ್ಯಾಹ್ನ ಮನೆಯಲ್ಲೇ ಇಡೀ ಮುದ್ದೆ ಉಣ್ಣುವುದು. ಪೆಟ್ಟಿಗೆಗೂ ಬೇಕಾದದ್ದು ಸಿಗುತ್ತದೆ, ಅತ್ತೆಗೂ ಸಮಾಧಾನವಾಗುತ್ತದೆ. ಸಡಿಲವಾದ ಅಂಗಿ ಹಾಕಿಕೊಂಡರೆ ವೈರು ಕಾಣುವುದಿಲ್ಲ. ನನ್ನ ಉಪಾಯಗಳನ್ನು ನಾನೇ ಮೆಚ್ಚಿಕೊಳ್ಳುವುದು ಹಳೆಯ ಚಾಳಿ.

ತಟ್ಟೆಯ ಮುಂದೆ ಕೂತು "ಇವತ್ತು ಹಸಿವು ಜಾಸ್ತಿ" ಎಂದೆ. ಒಳಗಿನಿಂದ ಬಂದ ಕೈಯಲ್ಲಿ ಎಂಥ ಉತ್ಸಾಹವಿತ್ತು! ಎರಡು ಮುದ್ದೆ, ಮೇಲೆ ತುಪ್ಪ, ಬಟ್ಟಲು ತುಂಬ ಸೊಪ್ಪಿನ ಸಾರು. ಹಳೆಯ ಗತ್ತಿನಲ್ಲಿ ಮುರಿದು ನುಂಗಿದೆ. ಎದೆ ಓಡಿತು. ಗುಂಡಿ ಒತ್ತಿದೆ. ಇನ್ನೊಂದು ತುತ್ತು, ಇನ್ನೊಂದು ಓಟ. ಅದಕ್ಕೂ ಒತ್ತಿದೆ. ಆದರೆ ಅವತ್ತಿನ ಓಟ ಬೇಗ ನಿಲ್ಲಲಿಲ್ಲ. ನನಗೆ ಗೊತ್ತಾಗದ ಹಾಗೆ ಎಡಗೈ ಎದೆಗೆ ಹೋಯಿತು, ಬೆನ್ನು ಗೋಡೆಗೆ ಒರಗಿತು, ಅಂಗಿಯ ಸಂದಿಯಿಂದ ಒಂದು ವೈರು ಈಚೆಗೆ ಜೋತುಬಿತ್ತು.

ಅತ್ತೆ ಬಾಗಿಲ ಮರೆಯಿಂದ ಈಚೆಗೆ ಬಂದಿದ್ದರು. ತಲೆಯ ಮೇಲಿನ ಸೆರಗು ಜಾರಿತ್ತು. ಅವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಬಗ್ಗಿ ನನ್ನ ಮುಂದಿನ ತಟ್ಟೆಯನ್ನು ಕಿತ್ತುಕೊಂಡು ಹಿತ್ತಿಲಿಗೆ ಹೋಗಿ, ಮುದ್ದೆ ಸಾರು ಎಲ್ಲವನ್ನೂ ಗೊಬ್ಬರದ ಗುಂಡಿಗೆ ಎಸೆದರು. ಒಂದು ಅಗುಳು ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಬಂದು ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. "ಏನೂ ಆಗಿಲ್ಲ ಅತ್ತೆಮ್ಮ, ನೋಡಿ, ಸರಿಯಾಯ್ತು" ಎಂದೆ. ಬೆಕ್ಕಿನ ಹಂಗಿಲ್ಲದೆ ಅವರಿಗೇ ಹೇಳಿದೆ.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊದಲು ನನ್ನ ತೋಳಿಗೆ ಎರಡು ಗುದ್ದಿದಳು, ಆಮೇಲೆ ಅದೇ ತೋಳು ಹಿಡಿದುಕೊಂಡು ಅತ್ತಳು. ಒಳಗೆ ಹೋಗಿ ಅವ್ವನ ಜೊತೆ ಬಹಳ ಹೊತ್ತು ಕೂತಿದ್ದು ಬಂದು ಹೇಳಿದ ಮಾತು ನನ್ನನ್ನು ಅಲ್ಲಾಡಿಸಿತು.

"ಅಪ್ಪ ಓದ್ ದಿನ ತುತ್ತು ಸಿಕ್ಕಾಕಂತು ಅಂದಿದ್ರಲ್ಲ, ಅದ್ನ ಅವ್ವ ಕೇಳುಸ್ಕಂಡವ್ಳೆ ಕಣ್ರೀ. ಇಷ್ಟ್ ದಿನ ಎದೇಲಿ ಇಟ್ಕಂಡವ್ಳೆ. ನನ್ ಕೈ ಇಟ್ಟೇ ಅವ್ರುನ್ನ ತಿಂದಾಕ್ತು, ಈಗ ನಿನ್ ಗಂಡುನ್ಗೂ ಅದ್ನೇ ಇಕ್ತಿದೀನಿ ಅಂತ ಒಂದೇ ಸಮನೆ ಅಳ್ತಾವ್ಳೆ."

ಅತ್ತೆಯ ಬಾಯಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು. ಹಿಟ್ಟು ತೊಳಸಿ ಮಗಳನ್ನು ಸಾಕಿದವರು, ಹಿಟ್ಟು ತೊಳಸಿ ಬಾಳು ಸವೆಸಿದವರು. ಊಟ ಸೇರದೆ ಬಿಟ್ಟೆನೆಂದು ಅವರು ನೊಂದುಕೊಂಡಿದ್ದಾರೆ ಎಂದಷ್ಟೇ ನಾನು ತಿಳಿದಿದ್ದೆ. ಅವರ ಸಂಕಟ ಬೇರೆಯೇ ಇತ್ತು. ಗಂಡನನ್ನು ತಾನೇ ಬಡಿಸಿ ಕೊಂದೆ ಎಂದು ನಂಬಿದ ಕೈಯಿಂದಲೇ ದಿನವೂ ನನಗೆ ಮುದ್ದೆ ಕಟ್ಟುತ್ತಿದ್ದರು. ನಾನು ಗಟ್ಟಿಯಾಗಿ ಉಂಡೆದ್ದ ದಿನವೆಲ್ಲ ಅವರಿಗೆ ಒಂದಿಷ್ಟು ಜೀವ ಬರುತ್ತಿತ್ತೇನೋ. ಅರ್ಧ ಬಿಟ್ಟು ಎದ್ದಾಗ ಏನಾಗುತ್ತಿತ್ತೋ ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಅವತ್ತಿನಿಂದ ಅತ್ತೆ ರಾಗಿ ಡಬ್ಬಕ್ಕೆ ಕೈ ಹಾಕಲಿಲ್ಲ. ಮನೆಯಲ್ಲಿ ಬರೀ ಅನ್ನ. ಹೆಂಡತಿ ಮುದ್ದೆ ಮಾಡಲು ಹೋದರೆ ತೊಳಸುವ ಕೋಲು ಕಿತ್ತುಕೊಂಡರು. ಗೆಳೆಯ ವಾಪಸ್ ಕೊಟ್ಟು ಬಂದ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ನೋಡಿ ಡಾಕ್ಟರಮ್ಮ ಹೇಳುತ್ತೇನೆಂದ ದಿನ ಬಂತು. ನಾನೂ ಹೆಂಡತಿಯೂ ಹೊರಟರೆ, ಅತ್ತೆ ತಮ್ಮ ಸೀರೆಗಳನ್ನು ತುಂಬಿದ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹುಣಸೂರಿನವರೆಗೆ ಬಂದು, ಅಲ್ಲಿಂದ ಕೋಟೆ ಬಸ್ಸು ಹತ್ತಿ ಊರಿಗೆ ಹೋಗುತ್ತಾರಂತೆ. ಹೆಂಡತಿ ಬೇಡಿಕೊಂಡಳು, ಗದರಿದಳು.

"ಡಾಕ್ಟ್ರು ಏನಂತಾರೆ ಕೇಳ್ಕಂಡು ಒಯ್ತೀನಿ ಕಣವ್ವ. ನಂಗೆ ಅಷ್ಟು ಗೊತ್ತಾದ್ರೆ ಸಾಕು. ಈ ಮನೇಲಿ ನನ್ ಕೈ ಬ್ಯಾಡ" ಎಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ಕಟ್ಟೆಮಳಲವಾಡಿ ಕಡೆಗೆ ದಾರಿ ತಿರುಗುವ ಜಾಗ ದಾಟಿದರೂ ಈಚೆಗೆ ತಿರುಗಲಿಲ್ಲ.

ಡಾಕ್ಟರಮ್ಮನ ಮುಂದೆ ನಾವಿಬ್ಬರು ಕೂತೆವು, ಅತ್ತೆ ಬಾಗಿಲ ಹತ್ತಿರ ನಿಂತರು. ಡಾಕ್ಟರಮ್ಮ ತಮ್ಮ ಎಡಗೈಯನ್ನು ಮುಷ್ಟಿ ಮಾಡಿ, ಅದರ ಹಿಂದೆ ಬಲಗೈ ಬೆರಳನ್ನು ಮೇಲಿಂದ ಕೆಳಗೆ ಇಳಿಸಿ ತೋರಿಸಿದರು. "ಇದು ಹೃದಯ. ಅನ್ನ ಇಳಿಯೋ ದಾರಿ ಇದರ ಬೆನ್ನ ಹಿಂದೇನೇ ಹೋಗುತ್ತೆ. ಬಿಸಿಬಿಸಿ ದೊಡ್ಡ ತುತ್ತು ಜಾರಿದಾಗ, ತಣ್ಣಗಿರೋದನ್ನ ಒಂದೇ ಸಲ ಸುರ್ಕೊಂಡಾಗ, ಕೆಲವರಿಗೆ ಹೃದಯ ಬೆಚ್ಚಿಬೀಳುತ್ತೆ, ಸ್ವಲ್ಪ ಹೊತ್ತು ತಾಳ ತಪ್ಪಿ ಹೊಡ್ಕೊಳ್ಳುತ್ತೆ. ನೀವು ಗುಂಡಿ ಒತ್ತಿದಾಗೆಲ್ಲ ಆಗಿರೋದು ಅದೇ. ಹೃದಯ ಗಟ್ಟಿಯಾಗಿದೆ, ಜೀವಕ್ಕೇನೂ ತೊಂದರೆ ಇಲ್ಲ. ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ ಮಾತ್ರ ಕಾಯದೆ ಬನ್ನಿ. ಟೀ ಕಡಿಮೆ ಮಾಡಿ. ಸಣ್ಣ ತುತ್ತು ತಗೊಂಡು, ಆರಿಸಿ, ಅಗಿದು ತಿನ್ನಿ."

"ಮುದ್ದೇನೂ ಅಗೀಬೇಕಾ?" ಎಂದೆ.

"ಮುದ್ದೇನೇ ಮೊದಲು ಅಗೀಬೇಕು."

ಹೆಂಡತಿ ಅಷ್ಟು ದಿನದ ಭಯವನ್ನೆಲ್ಲ ಸೇರಿಸಿ ಗೊಳ್ಳೆಂದು ನಕ್ಕಳು. ನನಗೂ ಕಣ್ಣು ತುಂಬಿ ಬಂತು. ಬದುಕಿಕೊಂಡೆ ಎಂಬ ಸಂತೋಷ ಯಾರಿಗಿಲ್ಲ? ತಿರುಗಿ ನೋಡಿದರೆ ಅತ್ತೆಯ ಮುಖದಲ್ಲಿ ನಗುವಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಏನನ್ನೋ ಲೆಕ್ಕ ಹಾಕುವವರ ಹಾಗೆ ನಿಂತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿ ಕೋಟೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೋದಳು. ಬೆಂಚಿನ ಮೇಲೆ ನಾನು ಒಂದು ತುದಿ, ಅತ್ತೆ ಒಂದು ತುದಿ, ನಡುವೆ ಅವರ ಬ್ಯಾಗು.

"ಒಂದ್ ಮಾತು ಕೇಳ್ತೀನಿ. ದಿಟ ಯೋಳ್ಬೇಕು ನೀವು."

ಯಾರಿಗೆ ಹೇಳಿದರು ಎಂದು ಸುತ್ತ ನೋಡಿದೆ. ಅಲ್ಲಿ ಗೋಡೆಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದರು.

"ನಿಮ್ಗೆ ನನ್ ಇಟ್ಟಿಂದ ಏನಾಗಕಿಲ್ಲ ಅಂದ್ರಲ್ಲ ಆಯಮ್ಮ. ಅಂಗಾರೆ ಅವ್ರಿಗೆ? ಅವ್ರು ನನ್ ಇಟ್ಟು ಸಿಕ್ಕಾಕಂಡೇ ಓದ್ರಾ?"

ಅಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಆದರೆ ಇಷ್ಟು ವರ್ಷಕ್ಕೆ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಾರೆ, ದಿಟ ಬೇಕೆಂದು ಕೇಳಿದ್ದಾರೆ. ಗೊತ್ತಿಲ್ಲದ್ದನ್ನು ಹೇಳಿ ಆ ಕಣ್ಣನ್ನು ತಪ್ಪಿಸಲು ನನಗೆ ಮನಸ್ಸಾಗಲಿಲ್ಲ. "ಇಲ್ಲೇ ಕೂತಿರಿ ಅತ್ತೆಮ್ಮ. ಈಗ್ ಬತ್ತೀನಿ" ಎಂದು ಎದ್ದು ಓಡಿದೆ. ಎದೆಯ ಕಾಯಿಲೆಗೆಂದು ಬಂದವನು ಹುಣಸೂರಿನ ಬೀದಿಯಲ್ಲಿ ಓಡುತ್ತಿದ್ದೇನೆಂಬುದು ಆಮೇಲೆ ಹೊಳೆಯಿತು. ಸಾಲಿನಲ್ಲಿ ಕೂತವರ ಬೈಗುಳ ತಿಂದುಕೊಂಡು ಒಳಗೆ ನುಗ್ಗಿ ಡಾಕ್ಟರಮ್ಮನನ್ನು ಕೇಳಿದೆ.

ಅವರು ಬೇಸರಪಡಲಿಲ್ಲ. "ನೋಡದೇ ಇರೋವರ ಬಗ್ಗೆ ಪೂರ್ತಿ ಹೇಳಕ್ಕಾಗಲ್ಲ. ಆದ್ರೆ ತುತ್ತು ಸಿಕ್ಕಿಕೊಂಡವರು ಗಂಟಲು ಹಿಡ್ಕೊಂಡು ಒದ್ದಾಡ್ತಾರೆ, ಮಾತು ಹೊರಡಲ್ಲ ಅವರಿಗೆ. ಹಾಗಾಯ್ತಾ ಅಂತ ಕೇಳಿ. ಅದಕ್ಕೆ ಮೊದಲು ಬೆವರು, ಕೈ ನೋವು ಏನಾದ್ರೂ ಇತ್ತಾ ಅಂತಾನೂ ಕೇಳಿ."

ತಿರುಗಿ ಬಂದಾಗ ಅತ್ತೆ ಬಿಟ್ಟ ಜಾಗದಲ್ಲೇ ಕೂತಿದ್ದರು. ಹೆಂಡತಿಯೂ ಬಂದಿದ್ದಳು. ಕೋಟೆ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಕೋಟೆ, ಕೋಟೆ ಎಂದು ಕೂಗುತ್ತಿದ್ದ. ನಾನು ಅತ್ತೆಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದೆ. "ಮಾವ ಆವತ್ತು ಗಂಟಲು ಹಿಡ್ಕಂಡ್ರಾ? ಕೆಮ್ಮಿದ್ರಾ? ಮಾತು ನಿಂತೋಯ್ತಾ?"

ಅತ್ತೆ ಬೆರಳಿಗೆ ಸುತ್ತಿದ್ದ ಸೆರಗಿನ ತುದಿಯನ್ನು ಬಿಚ್ಚಿದರು.

"ಇಲ್ಲ. ಮಾತಾಡುದ್ರು."

"ಏನಂದ್ರು?"

"ತುತ್ತು ನುಂಗಿ, ಸಾರು ಚೆಂದಾಗದೆ, ಇನ್ನೊಂಚೂರು ಬುಡು ಅಂದ್ರು. ನಾನು ಸೌಟು ತಕ್ಕಂಡು ತಿರುಗೋ ಅಷ್ಟ್ರಲ್ಲಿ ಗೋಡೆಗೆ ಒರಗಿದ್ರು."

"ಅವತ್ತು ಬೆಳಿಗ್ಗೆ ಚೆನ್ನಾಗಿದ್ರಾ?"

"ಎಡಗೈ ಉಜ್ಕತಿದ್ರು. ಕಳೆ ಕಿತ್ತಿದ್ಕೆ ಅಂತ ಎಣ್ಣೆ ತಿಕ್ದೆ. ಬಾಳ ಬೆವ್ರಿದ್ರು."

"ಅಂಗಾರೆ ಅಲ್ಲ ಅತ್ತೆಮ್ಮ" ಎಂದೆ. "ತುತ್ತು ಇಳಿದಿತ್ತು. ಇಳಿದ್ ಮೇಲೇ ಮಾತಾಡವ್ರೆ. ನಿಮ್ ಇಟ್ಟಿಂದ ಅಲ್ಲ."

ಅವರು ನನ್ನ ಮುಖವನ್ನು ಹುಡುಕುವವರ ಹಾಗೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, "ಸಾರು ಚೆಂದಾಗದೆ ಅಂದ್ರು ಕಣವ್ವ ನಿಮ್ಮಪ್ಪ" ಎಂದರು. ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡ ಮಾತು ಅದು. ಕೊಂದವಳಿಗೆ ಆ ಹೊಗಳಿಕೆಯನ್ನು ಹೇಳಿಕೊಳ್ಳುವ ಹಕ್ಕಿಲ್ಲ ಎಂದುಕೊಂಡಿದ್ದರೋ ಏನೋ. ಈಗ ಅದನ್ನೇ ಮತ್ತೆ ಮತ್ತೆ ಹೇಳುತ್ತ, ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗ, ಮಗಳ ಭುಜಕ್ಕೆ ಒರಗಿ ಅತ್ತರು. ಕಂಡಕ್ಟರು ನಮ್ಮ ಕಡೆ ನೋಡಿ ಹತ್ತುತ್ತೀರಾ ಎಂದು ಕೈಸನ್ನೆಯಲ್ಲಿ ಕೇಳಿದ. ನಾನು ಬ್ಯಾಗನ್ನು ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಬಸ್ಸು ಹೊರಟುಹೋಯಿತು.

ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ರಾಗಿ ಬೇಯುವ ವಾಸನೆ ಬೀದಿಗೇ ಬಂದಿತ್ತು. ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆಗಳು, ಆರಲೆಂದು ಬಿಡಿಬಿಡಿಯಾಗಿ ಇಟ್ಟದ್ದು. ಒಂದು ಚೂರು ಮುರಿದು, ಹುಟ್ಟಿದಾಗಿನಿಂದ ಮಾಡದ ಕೆಲಸಕ್ಕೆ ಕೈ ಹಾಕಿದೆ. ಮೇಲಿನ ಹಲ್ಲಿಗೆ ಮೆತ್ತಿತು, ಕೆಳಗಿನ ಹಲ್ಲಿಗೆ ಮೆತ್ತಿತು, ನಾಲಗೆ ಹಾಕಿ ಕೀಳಬೇಕಾಯಿತು. ನನ್ನ ಅವಸ್ಥೆ ನೋಡಿ ಅತ್ತೆ ಬಾಗಿಲ ಮರೆಯಲ್ಲಿ ನಗುತ್ತಿದ್ದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಮ್ಮ ತಟ್ಟೆ ಹಿಡಿದು ಈಚೆಗೆ ಬಂದರು. ನನ್ನ ಎದುರಿಗೇ ಕೂತು, ಉಳಿದಿರುವ ನಾಲ್ಕು ಹಲ್ಲಿನಲ್ಲಿ ತಾವೂ ಮುದ್ದೆ ಅಗಿಯತೊಡಗಿದರು. ಅಂತರಸಂತೆಯವರು ಕಂಡಿದ್ದರೆ ಇಬ್ಬರನ್ನೂ ಊರಿನಿಂದ ಆಚೆ ಹಾಕುತ್ತಿದ್ದರು.

ನಗು ಬಂದು ನಾನು ಬಾಯಲ್ಲಿದ್ದದ್ದನ್ನು ಹಳೆಯ ಅಭ್ಯಾಸದಂತೆ ಗುಳುಕ್ಕನೆ ನುಂಗಲು ಹೊರಟೆ. ಅತ್ತೆ ಕೈ ಎತ್ತಿ ತಡೆದರು.

"ನಿಧಾನ್ಕೆ ಉಣ್ಣಿ" ಎಂದರು. "ನಂಗೇನು ಬಸ್ಸಿಗೆ ಒತ್ತಾಗಿಲ್ಲ."